ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್: ಜೀನ್ ಪರೀಕ್ಷೆ ಮೊದಲು ಯಾರಿಗೆ?

ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ. ನನಗೆ 46 ವರ್ಷ. ಅಪ್ಪನಿಗೆ 64ನೇ ವಯಸ್ಸಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇದೆ ಅಂತ ಗೊತ್ತಾಯಿತು. ಅಷ್ಟರಲ್ಲಿ ಮೂಳೆಗೆ ಹರಡಿತ್ತು. ಬೆಂಗಳೂರಿನಲ್ಲಿ ಮೂರು ತಿಂಗಳಿಗೊಂದು ಇಂಜೆಕ್ಷನ್ ಕೊಡುತ್ತಿದ್ದಾರೆ. ದೊಡ್ಡಪ್ಪ ‘ಬೀಜದ ಆಪರೇಷನ್’ ಮಾಡಿಸಿಕೊಂಡಿದ್ದರು, ಆಮೇಲೆ ಸೊಂಟ ನೋವು ಅಂತ ಹಾಸಿಗೆ ಹಿಡಿದು ತೀರಿಕೊಂಡರು. ಸೋದರತ್ತೆ ಸ್ತನ ಕ್ಯಾನ್ಸರ್‌ನಿಂದ 48ಕ್ಕೆ ಹೋದರು. ಅವರ ಮಗಳನ್ನೇ ನಾನು ಮದುವೆಯಾಗಿದ್ದೇನೆ. ನಮ್ಮ ಮಗಳಿಗೆ 20, ಮಗನಿಗೆ 17. ಇದು ವಂಶದಲ್ಲಿ ಬರುವ ಕಾಯಿಲೆಯೇ? ನನಗೂ ಬರುತ್ತದೆಯೇ? ಸೋದರಿಕೆಯಲ್ಲಿ ಮದುವೆಯಾದದ್ದು ತಪ್ಪಾಯಿತೇ? ಊರಿನವರು ಬೋರ್‌ವೆಲ್ ನೀರೇ ಕಾರಣ ಅನ್ನುತ್ತಾರೆ. ಆನ್‌ಲೈನ್‌ನಲ್ಲಿ ಎಂಜಲು ಕಳಿಸಿದರೆ ಜೀನ್ ಪರೀಕ್ಷೆ ಮಾಡಿಕೊಡುತ್ತಾರಂತೆ. ಮಾಡಿಸಲೇ?

ಉತ್ತರ: ನೀವು ಕೇಳಿರುವುದೆಲ್ಲ ನಿಮ್ಮ ಬಗ್ಗೆ. ಆದರೆ ನಿಮ್ಮ ಪತ್ರ ಓದಿದಾಗ ನನಗೆ ಹೆಚ್ಚು ಚಿಂತೆಯಾದದ್ದು ನಿಮ್ಮ ಹೆಂಡತಿಯ ಬಗ್ಗೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ನೀವು ಕೇಳಿದ್ದಕ್ಕೇ ಬರುತ್ತೇನೆ.

ಹೌದು. ಪ್ರಾಸ್ಟೇಟ್ ಅಂದರೆ ಗಂಡಸರ ಮೂತ್ರಚೀಲದ ಕೆಳಗಿರುವ ಗ್ರಂಥಿ. ಅದರ ಕ್ಯಾನ್ಸರ್‌ನಲ್ಲಿ ವಂಶದ ಪಾಲು ದೊಡ್ಡದು. ಡೆನ್ಮಾರ್ಕ್, ಫಿನ್ಲೆಂಡ್, ನಾರ್ವೆ, ಸ್ವೀಡನ್ ದೇಶಗಳ ಅವಳಿಗಳನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅದು ಈ ಪಾಲನ್ನು ಶೇ 57 ಎಂದು ಅಂದಾಜಿಸಿತು. ಈ ಅಂಕಿಯನ್ನು ಜನ ತಪ್ಪಾಗಿ ಓದಿಕೊಂಡು ಹೆದರುತ್ತಾರೆ. ಮಗನಿಗೆ ಬರುವ ಸಾಧ್ಯತೆ ಶೇ 57 ಅಂತ ಅಲ್ಲ. ಒಬ್ಬರಿಗೆ ಅಪಾಯ ಜಾಸ್ತಿ, ಇನ್ನೊಬ್ಬರಿಗೆ ಕಡಿಮೆ ಇರುತ್ತದಲ್ಲ, ಆ ವ್ಯತ್ಯಾಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹುಟ್ಟಿನಿಂದಲೇ ಬಂದದ್ದು ಅಂತ ಅಷ್ಟೇ.

ಅಪ್ಪನಿಗೆ ಈ ಕಾಯಿಲೆ ಇದ್ದರೆ ಮಗನ ಅಪಾಯ ಬೇರೆ ಗಂಡಸರಿಗಿಂತ ಸುಮಾರು ದುಪ್ಪಟ್ಟು. ಅಣ್ಣನಿಗೋ ತಮ್ಮನಿಗೋ ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ. ತೀರಾ ಹತ್ತಿರದ ರಕ್ತಸಂಬಂಧಿಗಳಲ್ಲಿ ಇಬ್ಬರಿಗೋ ಮೂವರಿಗೋ ಇದ್ದರೆ ನಾಲ್ಕೈದು ಪಟ್ಟು ಆಗುತ್ತದೆ. ಆದರೂ ದುಪ್ಪಟ್ಟು ಅಂದ ಕೂಡಲೇ ಬಂದೇ ಬರುತ್ತದೆ ಅಂದುಕೊಳ್ಳಬೇಡಿ. ಪ್ರಾಸ್ಟೇಟ್ ಕ್ಯಾನ್ಸರ್ ಬಂದ ಅಪ್ಪಂದಿರ ಹೆಚ್ಚಿನ ಮಕ್ಕಳಿಗೆ ಅದು ಬರುವುದೇ ಇಲ್ಲ.

ವಂಶದಿಂದ ಬರುವ ಈ ಅಪಾಯದಲ್ಲಿ ಎರಡು ಬಗೆ ಇದೆ. ಒಂದು, ಚಿಲ್ಲರೆ ಚಿಲ್ಲರೆಯಾಗಿ ಕೂಡಿ ಬರುವುದು. ನಮ್ಮೆಲ್ಲರ ಡಿಎನ್‌ಎಯಲ್ಲೂ ಅಲ್ಲಲ್ಲಿ ಒಂದೊಂದು ಅಕ್ಷರದ ವ್ಯತ್ಯಾಸಗಳಿರುತ್ತವೆ. ಅವುಗಳಲ್ಲಿ ಕೆಲವು ಪ್ರಾಸ್ಟೇಟ್ ಕ್ಯಾನ್ಸರ್‌ನ ಅಪಾಯವನ್ನು ಒಂದು ಚೂರು ಏರಿಸುತ್ತವೆ ಇಲ್ಲವೇ ಇಳಿಸುತ್ತವೆ. 2023ರಲ್ಲಿ ಬಂದ ದೊಡ್ಡ ಅಧ್ಯಯನವೊಂದು ಒಂದೂವರೆ ಲಕ್ಷಕ್ಕೂ ಹೆಚ್ಚು ರೋಗಿಗಳ ಡಿಎನ್‌ಎ ನೋಡಿ ಇಂಥ 451 ವ್ಯತ್ಯಾಸಗಳನ್ನು ಪಟ್ಟಿ ಮಾಡಿತು. ಒಂದೊಂದನ್ನೇ ತೆಗೆದುಕೊಂಡರೆ ಲೆಕ್ಕಕ್ಕೇ ಬರುವುದಿಲ್ಲ. ಎಲ್ಲವನ್ನೂ ಕೂಡಿಸಿ ಒಂದು ಅಂಕ ಕೊಟ್ಟರೆ ಯಾರಿಗೆ ಜಾಸ್ತಿ ಅಪಾಯ ಅಂತ ಸ್ವಲ್ಪ ಮಟ್ಟಿಗೆ ಹೇಳಬಹುದು. ಬ್ರಿಟನ್ನಿನಲ್ಲಿ ಹೀಗೆ ಎಂಜಲಿನ ಮಾದರಿಯಿಂದ ಅಂಕ ಲೆಕ್ಕ ಹಾಕಿ, ಮೇಲಿನ ಶೇ 10 ಗಂಡಸರನ್ನು ಎಂಆರ್‌ಐಗೆ ಮತ್ತು ಬಯಾಪ್ಸಿಗೆ (ಗ್ರಂಥಿಯ ಚೂರು ತೆಗೆದು ನೋಡುವ ಪರೀಕ್ಷೆಗೆ) ಕರೆದರು. ಅದರ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಬಯಾಪ್ಸಿಗೆ ಒಪ್ಪಿದವರಲ್ಲಿ ಶೇ 40 ಮಂದಿಗೆ ಕ್ಯಾನ್ಸರ್ ಸಿಕ್ಕಿತು. ಒಳ್ಳೆಯ ಕೆಲಸವೇ. ಆದರೆ ಅದನ್ನು ಮಾಡಿದ್ದು ಯುರೋಪ್ ಮೂಲದ ಗಂಡಸರ ಮೇಲೆ. ಅಲ್ಲಿನ ಅಂಕವನ್ನು ತಂದು ಚಿಂತಾಮಣಿಯವರ ಮೇಲೆ ಹಾಗೇ ಹೊರಿಸುವುದು ಸರಿಯಲ್ಲ. ಹಾಗಾಗಿ ಈ ಅಂಕದ ಪರೀಕ್ಷೆಗೆ ನೀವು ಈಗ ದುಡ್ಡು ಹಾಕಬೇಡಿ.

ಎರಡನೆಯ ಬಗೆ, ಒಂದೇ ಜೀನಿನಲ್ಲಿ ಇರುವ ದೊಡ್ಡ ಏಟು. ಇದು ಅಪರೂಪ. ಆದರೆ ಇದ್ದ ಮನೆಯಲ್ಲಿ ಇದರ ಕಾಟ ತಲೆಮಾರು ದಾಟಿ ಬರುತ್ತದೆ. ಪ್ರಾಸ್ಟೇಟ್ ವಿಷಯದಲ್ಲಿ ಮುಖ್ಯವಾದದ್ದು ಬಿಆರ್‌ಸಿಎ2 ಎಂಬ ಜೀನ್. ಇದರ ಜೊತೆಗೆ ಬಿಆರ್‌ಸಿಎ1, ಎಟಿಎಂ, ಚೆಕ್2, ಪಿಎಎಲ್‌ಬಿ2, ಎಂಎಸ್‌ಎಚ್2 ಎಂಬ ಜೀನ್‌ಗಳ ಹೆಸರೂ ವರದಿಗಳಲ್ಲಿ ಕಾಣುತ್ತವೆ. 2012ರಲ್ಲಿ ಪತ್ತೆಯಾದ ಎಚ್‌ಒಎಕ್ಸ್‌ಬಿ13 ಎಂಬ ಜೀನಿನ ಬದಲಾವಣೆಯ ಬಗ್ಗೆ ನೀವು ಎಲ್ಲಾದರೂ ಓದಿರಬಹುದು. ಅದು ಮುಖ್ಯವಾಗಿ ಉತ್ತರ ಯುರೋಪಿನವರಲ್ಲಿ ಕಾಣುವಂಥದ್ದು, ಅದನ್ನು ಬಿಡಿ.

ಬಿಆರ್‌ಸಿಎ2 ಅನ್ನುವುದು ಕ್ಯಾನ್ಸರ್ ತರುವ ಜೀನ್ ಅಲ್ಲ, ಕ್ಯಾನ್ಸರ್ ತಡೆಯುವ ಜೀನ್. ಡಿಎನ್‌ಎಯ ಎರಡೂ ಎಳೆ ತುಂಡಾದಾಗ ಅದನ್ನು ತಪ್ಪಿಲ್ಲದೆ ಜೋಡಿಸುವುದು ಅದರ ಕೆಲಸ. ನಿಮ್ಮ ಕಡೆ ಕೆರೆಗೆ ನೀರುಗಂಟಿ ಇದ್ದ ಕಾಲ ನೆನಪಿಸಿಕೊಳ್ಳಿ. ಏರಿಯಲ್ಲಿ ಬಿರುಕು ಕಂಡ ಕೂಡಲೇ ಮುಚ್ಚುವುದು ಅವನ ಹೊಣೆ. ಪ್ರತಿ ಜೀವಕೋಶದಲ್ಲೂ ಅಂಥ ಇಬ್ಬರು ಇರುತ್ತಾರೆ, ಒಬ್ಬ ಅಪ್ಪನ ಕಡೆಯಿಂದ, ಒಬ್ಬ ಅಮ್ಮನ ಕಡೆಯಿಂದ. ಕೆಲವರಿಗೆ ಹುಟ್ಟಿನಿಂದಲೇ ಒಬ್ಬ ಇರುವುದಿಲ್ಲ. ಉಳಿದವನೊಬ್ಬನೇ ಎಷ್ಟೋ ವರ್ಷ ಏರಿ ಕಾಯುತ್ತಾನೆ, ತೊಂದರೆಯೇ ಕಾಣುವುದಿಲ್ಲ. ಯಾವುದೋ ಒಂದು ಕೋಶದಲ್ಲಿ ಆ ಎರಡನೆಯವನೂ ಇಲ್ಲವಾದರೆ ಬಿರುಕುಗಳು ಹಾಗೇ ಉಳಿದು ಸೇರುತ್ತಾ ಹೋಗುತ್ತವೆ. ಕ್ಯಾನ್ಸರ್‌ಗೆ ದಾರಿ ಆಗುವುದು ಅಲ್ಲಿ. ಅದಕ್ಕೇ ಜೀನ್ ಕೆಟ್ಟಿದ್ದರೂ ಕೆಲವರಿಗೆ ಜೀವಮಾನವಿಡೀ ಏನೂ ಆಗುವುದಿಲ್ಲ, ಕೆಲವರಿಗೆ ಬೇಗ ಆಗುತ್ತದೆ.

ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಇಂಥ ಗಂಡಸರನ್ನು ವರ್ಷಗಳ ಕಾಲ ಗಮನಿಸಿದ್ದಾರೆ. ಬಿಆರ್‌ಸಿಎ2 ಕೆಟ್ಟಿದ್ದವರಲ್ಲಿ 75 ವರ್ಷದೊಳಗೆ ಪ್ರಾಸ್ಟೇಟ್ ಕ್ಯಾನ್ಸರ್ ಬರುವ ಅಂದಾಜು ಶೇ 27, 85ರೊಳಗೆ ಶೇ 60. ಬಿಆರ್‌ಸಿಎ1ರಲ್ಲಿ ಇದು ಕಡಿಮೆ. ಅಂಕಿಗಿಂತ ಮುಖ್ಯವಾದ ಮಾತು ಇನ್ನೊಂದಿದೆ. ಬಿಆರ್‌ಸಿಎ2 ಕೆಟ್ಟಿದ್ದವರಲ್ಲಿ ಕ್ಯಾನ್ಸರ್ ಸ್ವಲ್ಪ ಚಿಕ್ಕ ವಯಸ್ಸಿಗೇ ಬರುತ್ತದೆ, ಬಂದದ್ದು ಬೇಗ ಹರಡುತ್ತದೆ. ಸಾಮಾನ್ಯವಾಗಿ ಪ್ರಾಸ್ಟೇಟ್ ಕ್ಯಾನ್ಸರ್ ನಿಧಾನದ್ದು, ಎಷ್ಟೋ ಮುದುಕರು ಅದನ್ನು ಇಟ್ಟುಕೊಂಡೇ ಬೇರೆ ಕಾರಣಕ್ಕೆ ಸಾಯುತ್ತಾರೆ. ಇದು ಹಾಗಲ್ಲ.

ಈಗ ನಿಮ್ಮ ಮನೆಗೆ ಬರೋಣ.

ಅಪ್ಪನಿಗೆ 64ಕ್ಕೇ ಮೂಳೆಗೆ ಹರಡಿದ ಕಾಯಿಲೆ. ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಹೀಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 692 ಗಂಡಸರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 11.8 ಮಂದಿಗೆ ಡಿಎನ್‌ಎ ರಿಪೇರಿ ಜೀನ್‌ಗಳಲ್ಲಿ ಹುಟ್ಟಿನಿಂದ ಬಂದ ದೋಷ ಸಿಕ್ಕಿತು. ಅದರಲ್ಲೂ ಜಾಸ್ತಿ ಬಿಆರ್‌ಸಿಎ2. ಗಮನಿಸಿ, ಮನೆಯಲ್ಲಿ ಬೇರೆ ಯಾರಿಗೂ ಕ್ಯಾನ್ಸರ್ ಇಲ್ಲದವರೂ ಅವರಲ್ಲಿ ಇದ್ದರು. ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇರುವ ಎಲ್ಲರಿಗೂ ಜೀನ್ ಪರೀಕ್ಷೆ ಮಾಡಿಸಬೇಕು ಅಂತ ಈಗಿನ ಮಾರ್ಗಸೂಚಿಗಳು ಹೇಳುವುದು ಇದಕ್ಕೇ.

ದೊಡ್ಡಪ್ಪನ ‘ಬೀಜದ ಆಪರೇಷನ್’ ಯಾವುದು ಅಂತ ವಿಚಾರಿಸಿ. ನಮ್ಮ ಕಡೆ ಹರ್ನಿಯಾಗೂ ಹಾಗೇ ಅನ್ನುತ್ತಾರೆ, ಬೀಜದಲ್ಲಿ ನೀರು ತುಂಬಿದ್ದಕ್ಕೂ ಹಾಗೇ ಅನ್ನುತ್ತಾರೆ. ಆದರೆ ಎರಡೂ ಬೀಜ ತೆಗೆದಿದ್ದರೆ ವಿಷಯ ಬೇರೆ. ಗಂಡು ಹಾರ್ಮೋನ್ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಆಹಾರ ಇದ್ದ ಹಾಗೆ. ಅದು ಬರುವುದನ್ನು ನಿಲ್ಲಿಸಲು ಬೀಜ ತೆಗೆಯುತ್ತಿದ್ದರು, ಈಗಲೂ ಕೆಲವರಿಗೆ ತೆಗೆಯುತ್ತಾರೆ. ನಿಮ್ಮ ಅಪ್ಪನಿಗೆ ಮೂರು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಮಾಡುವುದೂ ಅದೇ ಕೆಲಸ. ಆಪರೇಷನ್ ಆಗಿ, ಆಮೇಲೆ ಸೊಂಟ ನೋವಿನಲ್ಲಿ ಹಾಸಿಗೆ ಹಿಡಿದರು ಅಂದರೆ ದೊಡ್ಡಪ್ಪನಿಗೂ ಇದೇ ಕಾಯಿಲೆ ಇತ್ತು ಅನ್ನುವ ಅನುಮಾನ ನನ್ನದು. ಗಂಡಸರು ಇದನ್ನು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ದೊಡ್ಡಮ್ಮನಿಗೆ ಗೊತ್ತಿರುತ್ತದೆ. ಅವರನ್ನು ಒಬ್ಬರೇ ಇದ್ದಾಗ ಕೇಳಿ. ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಹಳೆಯ ಡಿಸ್ಚಾರ್ಜ್ ಚೀಟಿ ಇದ್ದರೂ ಇರಬಹುದು. ಅದೊಂದು ಸಿಕ್ಕರೆ ದೊಡ್ಡ ಉಪಕಾರ.

ಇನ್ನು ಸೋದರತ್ತೆ. ಪ್ರಾಸ್ಟೇಟ್ ಕ್ಯಾನ್ಸರ್ ಅಂದ ಕೂಡಲೇ ಮನೆಯವರು ಗಂಡಸರನ್ನು ಮಾತ್ರ ಎಣಿಸುತ್ತಾರೆ. ಆಸ್ಪತ್ರೆಯಲ್ಲೂ ‘ಅಣ್ಣ ತಮ್ಮಂದಿರಿಗೆ ಯಾರಿಗಾದರೂ ಇದೆಯಾ’ ಅಂತ ಕೇಳಿ ಮುಗಿಸಿಬಿಡುತ್ತಾರೆ. ಇದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಬಿಆರ್‌ಸಿಎ2 ದೋಷ ಗಂಡಸಿನಿಂದ ಮಗಳಿಗೂ ಹೋಗುತ್ತದೆ, ತಾಯಿಯಿಂದ ಮಗನಿಗೂ ಬರುತ್ತದೆ. ಗಂಡಸಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಆಗಿ ಕಾಣುವುದು ಅವನ ಅಕ್ಕತಂಗಿಯಲ್ಲಿ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿ ಕಾಣಬಹುದು. 50 ತುಂಬುವ ಮೊದಲೇ ಸ್ತನ ಕ್ಯಾನ್ಸರ್ ಬಂದ ತಂಗಿ, 64ಕ್ಕೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಬಂದ ಅಣ್ಣ. ಈ ಎರಡನ್ನೂ ಒಂದೇ ಕಾಗದದ ಮೇಲೆ ಬರೆದರೆ ಯಾವ ಕ್ಯಾನ್ಸರ್ ತಜ್ಞರೂ ಬಿಆರ್‌ಸಿಎ ಬಗ್ಗೆ ಯೋಚಿಸದೆ ಇರುವುದಿಲ್ಲ.

ನಿಮ್ಮ ಹೆಂಡತಿಯ ಬಗ್ಗೆ ನನಗೆ ಚಿಂತೆಯಾದದ್ದು ಇದಕ್ಕೇ. ಅವರು ಆ ತಾಯಿಯ ಮಗಳು. ತಾಯಿಯಲ್ಲಿ ಈ ದೋಷ ಇದ್ದಿದ್ದರೆ ಅವರಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಬಿಆರ್‌ಸಿಎ2 ಕೆಟ್ಟಿರುವ ಹೆಂಗಸರಲ್ಲಿ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಅಂದಾಜು ಶೇ 69, ಅಂಡಾಶಯದ್ದು ಶೇ 17. ಇವೂ ಹೆಚ್ಚಾಗಿ ಪಾಶ್ಚಾತ್ಯ ದೇಶಗಳ ಅಂಕಿಗಳು. ಹಾಗಿದ್ದರೂ ನಿಮ್ಮ ಅಪಾಯಕ್ಕಿಂತ ಅವರ ಅಪಾಯ ಹತ್ತಿರದ್ದು. ಜೀನ್ ವರದಿಗೆ ಕಾಯಬೇಡಿ. ತಾಯಿಗೆ ಈ ವಯಸ್ಸಿನಲ್ಲಿ ಬಂದಿತ್ತು ಅನ್ನುವುದಷ್ಟೇ ಸಾಕು, ಅವರು ಈಗಲೇ ವೈದ್ಯರಿಗೆ ತೋರಿಸಿ ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ಮಾಡಿಸಿಕೊಳ್ಳಲಿ.

ಸೋದರಿಕೆಯ ಮದುವೆ ತಪ್ಪಾಯಿತೇ ಅಂತ ಕೇಳಿದ್ದೀರಿ. ನಿಮಗೆ ಕ್ಯಾನ್ಸರ್ ಬರುವುದಕ್ಕೂ ನೀವು ಅತ್ತೆ ಮಗಳನ್ನು ಮದುವೆಯಾದದ್ದಕ್ಕೂ ಸಂಬಂಧವೇ ಇಲ್ಲ. ನಿಮ್ಮ ಜೀನ್ ನಿಮಗೆ ಬಂದದ್ದು ನಿಮ್ಮ ಅಪ್ಪ ಅಮ್ಮನಿಂದ. ಪ್ರಶ್ನೆ ಇರುವುದು ಮಕ್ಕಳ ವಿಷಯದಲ್ಲಿ. ನಿಮ್ಮಿಬ್ಬರಿಗೂ ಅದೇ ಅಜ್ಜ ಅಜ್ಜಿ. ಹಾಗಾಗಿ ಒಂದೇ ದೋಷ ಇಬ್ಬರಲ್ಲೂ ಇರಬಹುದು. ಹಾಗಿದ್ದರೆ ಪ್ರತಿ ಮಗುವಿಗೂ ಕೆಟ್ಟ ಪ್ರತಿ ಒಂದು ಬರುವ ಸಾಧ್ಯತೆ ಅರ್ಧ, ಒಂದೂ ಬಾರದಿರುವ ಸಾಧ್ಯತೆ ಕಾಲು, ಎರಡೂ ಬರುವ ಸಾಧ್ಯತೆ ಇನ್ನೊಂದು ಕಾಲು. ಬಿಆರ್‌ಸಿಎ2ರ ಎರಡೂ ಪ್ರತಿ ಕೆಟ್ಟಿದ್ದರೆ ಫ್ಯಾಂಕೋನಿ ಅನೀಮಿಯಾ ಎಂಬ ಗಂಭೀರ ಕಾಯಿಲೆ ಬರುತ್ತದೆ. ಅದು ಸಾಮಾನ್ಯವಾಗಿ ಚಿಕ್ಕ ಮಕ್ಕಳಲ್ಲೇ ಕಾಣಿಸಿಕೊಳ್ಳುತ್ತದೆ. ನಿಮ್ಮ ಮಕ್ಕಳು 20 ಮತ್ತು 17ಕ್ಕೆ ಬಂದು ಆರೋಗ್ಯವಾಗಿದ್ದರೆ ಆ ಭಯ ಬಿಟ್ಟುಬಿಡಿ. ಆದರೆ ಇಬ್ಬರಲ್ಲೂ ದೋಷ ಸಿಕ್ಕರೆ ಮುಂದೆ ಮಕ್ಕಳಿಗೆ ಸೋದರಿಕೆಯಲ್ಲೇ ಸಂಬಂಧ ನೋಡುವಾಗ ಈ ವಿಷಯ ತಿಳಿದಿರಲಿ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಅಕ್ಕನ ಮಗಳು, ಅತ್ತೆ ಮಗಳು ಅಂತ ತಲೆಮಾರಿನಿಂದ ತಲೆಮಾರಿಗೆ ಸಂಬಂಧ ಬೆಳೆಸುವ ಮನೆಗಳು ಎಷ್ಟೋ ಇವೆ. ಅವರಿಗೂ ಇದು ಅನ್ವಯಿಸುತ್ತದೆ.

ಪರೀಕ್ಷೆ ಮೊದಲು ಯಾರಿಗೆ? ಅಪ್ಪನಿಗೆ. ಇದರಲ್ಲಿ ಎರಡು ಮಾತಿಲ್ಲ. ನೀವು ಮೊದಲು ಮಾಡಿಸಿಕೊಂಡು ‘ಏನೂ ಇಲ್ಲ’ ಅಂತ ಬಂತು ಅನ್ನಿ. ಅದರಿಂದ ಏನು ಗೊತ್ತಾಯಿತು? ಮನೆಯಲ್ಲಿ ದೋಷ ಇದ್ದು ನಿಮಗೆ ಬಂದಿಲ್ಲವೋ, ಅಥವಾ ಮನೆಯಲ್ಲೇ ಅಂಥ ದೋಷ ಇಲ್ಲವೋ, ಎರಡರಲ್ಲಿ ಯಾವುದು ಅಂತ ಹೇಳಲಾಗುವುದಿಲ್ಲ. ಕಾಯಿಲೆ ಬಂದವರಲ್ಲಿ ಮೊದಲು ಹುಡುಕಬೇಕು. ಅವರಲ್ಲಿ ಇಂಥ ಕಡೆ ಇಂಥ ದೋಷ ಅಂತ ಸಿಕ್ಕರೆ, ಆಮೇಲೆ ನಿಮ್ಮಲ್ಲಿ, ನಿಮ್ಮ ಒಡಹುಟ್ಟಿದವರಲ್ಲಿ ಆ ಒಂದೇ ಜಾಗ ನೋಡಿದರೆ ಸಾಕು. ಖರ್ಚೂ ಕಡಿಮೆ, ಉತ್ತರವೂ ಖಚಿತ.

ಅಪ್ಪನಿಗೂ ಇದರಿಂದ ಲಾಭವಿದೆ. ಬಿಆರ್‌ಸಿಎ ದೋಷ ಇರುವ ಕ್ಯಾನ್ಸರ್ ಕೋಶಗಳು ರಿಪೇರಿ ಕೆಲಸದಲ್ಲಿ ಮೊದಲೇ ಸೋತಿರುತ್ತವೆ. ಉಳಿದ ಇನ್ನೊಂದು ರಿಪೇರಿ ದಾರಿಯನ್ನೂ ಮುಚ್ಚುವ ಮಾತ್ರೆಗಳಿವೆ. ಓಲಾಪರಿಬ್ ಅವುಗಳಲ್ಲಿ ಒಂದು. ಹಾರ್ಮೋನ್ ಚಿಕಿತ್ಸೆಗೆ ಬಗ್ಗದ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಇದನ್ನು ಅಮೆರಿಕದಲ್ಲಿ 2020ರಲ್ಲಿ ಒಪ್ಪಿದರು. ಈಗಿನ ಇಂಜೆಕ್ಷನ್ ಮುಂದೆ ಕೆಲಸ ಮಾಡದ ಕಾಲ ಬಂದರೆ ಈ ವರದಿ ಕೈಯಲ್ಲಿರಬೇಕು.

ಒಂದು ಸೂಕ್ಷ್ಮ ಇದೆ. ಅಪ್ಪನಲ್ಲಿ ದೋಷ ಇಲ್ಲ ಅಂತ ಬಂದರೂ ಹೆಂಡತಿಯ ಪ್ರಶ್ನೆ ಮುಗಿಯುವುದಿಲ್ಲ. ಅಜ್ಜ ಅಜ್ಜಿಯಿಂದ ಅತ್ತೆಗೆ ಮಾತ್ರ ಬಂದಿದ್ದಿರಬಹುದು. ಅತ್ತೆ ಈಗಿಲ್ಲ. ಆದ್ದರಿಂದ ನಿಮ್ಮ ಹೆಂಡತಿಗೆ ಪೂರ್ತಿ ಪರೀಕ್ಷೆಯನ್ನು ಪ್ರತ್ಯೇಕವಾಗಿ ಮಾಡಿಸಬೇಕು. ನಿಮ್ಮ ಮಗಳಿಗೆ 20 ಆಗಿದೆ, ಅಮ್ಮನ ವರದಿ ಅಥವಾ ನಿಮ್ಮ ವರದಿ ಬಂದ ಮೇಲೆ ತಾನೇ ಯೋಚಿಸಿ ತೀರ್ಮಾನಿಸಲಿ. ಮಗನಿಗೆ 18 ತುಂಬುವವರೆಗೆ ಈ ಪರೀಕ್ಷೆ ಬೇಡ. ಈ ವಯಸ್ಸಿನಲ್ಲಿ ಗೊತ್ತಾದರೂ ಮಾಡುವುದು ಏನೂ ಇಲ್ಲ, ಸುಮ್ನೆ ಮನಸ್ಸಿಗೆ ಭಾರ.

ಎಂಜಲು ಕಳಿಸುವ ಆನ್‌ಲೈನ್ ಪರೀಕ್ಷೆಯ ವಿಷಯ. ಎಂಜಲಿನಲ್ಲಿ ತಪ್ಪಿಲ್ಲ, ಒಳ್ಳೆಯ ಲ್ಯಾಬ್‌ಗಳೂ ಎಂಜಲಿನಿಂದ ಡಿಎನ್‌ಎ ತೆಗೆಯುತ್ತವೆ. ಏನನ್ನು ನೋಡುತ್ತಾರೆ ಅನ್ನುವುದು ಮುಖ್ಯ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿದ ಒಂದು ಮನೆಪರೀಕ್ಷೆ ಬಿಆರ್‌ಸಿಎ ಜೀನ್‌ಗಳಲ್ಲಿ ಮೂರೇ ಮೂರು ಬದಲಾವಣೆಗಳನ್ನು ನೋಡುತ್ತಿತ್ತು. ಅವು ಅಶ್ಕೆನಾಜಿ ಯಹೂದಿಗಳಲ್ಲಿ, ಅಂದರೆ ಮಧ್ಯ ಮತ್ತು ಪೂರ್ವ ಯುರೋಪ್ ಮೂಲದ ಯಹೂದಿಗಳಲ್ಲಿ, ಜಾಸ್ತಿ ಕಾಣುವಂಥವು. ಈ ಜೀನ್‌ಗಳಲ್ಲಿ ಗೊತ್ತಿರುವ ಕೆಟ್ಟ ಬದಲಾವಣೆಗಳು ಸಾವಿರಕ್ಕೂ ಹೆಚ್ಚು. ಅಂಥ ಪರೀಕ್ಷೆಯಲ್ಲಿ ‘ಇಲ್ಲ’ ಅಂತ ಬಂದರೆ ನಿಮಗೆ ಸುಳ್ಳು ಧೈರ್ಯ ಬರುತ್ತದೆ ಅಷ್ಟೇ. ಬೇಡ. ಜೀನನ್ನು ಮೊದಲಿನಿಂದ ಕೊನೆವರೆಗೆ ಓದುವ ಪರೀಕ್ಷೆ ಬೇಕು, ವರದಿ ಓದಿ ಹೇಳುವ ಜೆನೆಟಿಕ್ ಕೌನ್ಸೆಲರ್ ಬೇಕು.

ಕೌನ್ಸೆಲರ್ ಬೇಕು ಅನ್ನುವುದಕ್ಕೆ ಕಾರಣ ಇದೆ. ವರದಿಯಲ್ಲಿ ‘ಇದೆ’, ‘ಇಲ್ಲ’ ಎರಡೇ ಅಲ್ಲ, ಮೂರನೆಯದೊಂದು ಬರುತ್ತದೆ: ಬದಲಾವಣೆ ಇದೆ, ಆದರೆ ಅದು ಕೆಟ್ಟದ್ದೋ ನಿರಪಾಯವೋ ಇನ್ನೂ ಗೊತ್ತಿಲ್ಲ. ವರದಿಯಲ್ಲಿ ಇದನ್ನು ವಿಯುಎಸ್ ಅಂತ ಬರೆದಿರುತ್ತಾರೆ. ಭಾರತೀಯರ ಡಿಎನ್‌ಎ ಮಾಹಿತಿ ಜಗತ್ತಿನ ಕಣಜದಲ್ಲಿ ಕಡಿಮೆ ಇರುವುದರಿಂದ ನಮ್ಮವರಿಗೆ ಇಂಥ ಉತ್ತರ ಜಾಸ್ತಿ ಬರುತ್ತದೆ. ಅದನ್ನು ನೋಡಿ ಹೆದರಬಾರದು. ಅದರ ಆಧಾರದ ಮೇಲೆ ಆಪರೇಷನ್ ಮಾಡಿಸಿಕೊಳ್ಳಲೂಬಾರದು, ಮನೆಯವರಿಗೆಲ್ಲ ಪರೀಕ್ಷೆ ಮಾಡಿಸಲೂಬಾರದು.

ಬೋರ್‌ವೆಲ್ ನೀರಿನ ಮಾತು. ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ನಿಜವೇ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಲೆಯಾಗುತ್ತದೆ, ಮೂಳೆ ಬಿರುಸಾಗುತ್ತದೆ, ಬೆನ್ನು ಸೊಂಟ ಬಗ್ಗುವುದಿಲ್ಲ. ಅದು ಪ್ರಾಸ್ಟೇಟ್ ಕ್ಯಾನ್ಸರ್ ತರುತ್ತದೆ ಅನ್ನುವುದು ಸಾಬೀತಾಗಿಲ್ಲ. ಆದರೆ ನಿಮ್ಮ ಕಡೆಗೆ ಈ ನೀರಿನ ಮಾತಿನಿಂದ ಬೇರೊಂದು ಹಾನಿ ಇದೆ. 60 ದಾಟಿದ ಗಂಡಸು ಸೊಂಟ ನೋವು ಅಂದರೆ ‘ನಮ್ಮ ನೀರೇ ಹಾಗೆ’ ಅಂತ ನೋವಿನ ಮಾತ್ರೆ ನುಂಗಿಸಿ ಸುಮ್ಮನಾಗುತ್ತಾರೆ. ಪ್ರಾಸ್ಟೇಟ್ ಕ್ಯಾನ್ಸರ್ ಮೊದಲು ಹರಡುವುದು ಬೆನ್ನುಮೂಳೆಗೆ, ಸೊಂಟದ ಮೂಳೆಗೆ. ಎಕ್ಸ್‌ರೇಯಲ್ಲಿ ಫ್ಲೋರೈಡ್ ತೊಂದರೆಯಲ್ಲೂ ಈ ಕ್ಯಾನ್ಸರ್‌ನಲ್ಲೂ ಮೂಳೆ ಬೆಳ್ಳಗೆ ದಟ್ಟವಾಗಿ ಕಾಣಬಹುದು. ವಯಸ್ಸಾದವರಿಗೆ ಬಿಡದ ಸೊಂಟ ನೋವಿದ್ದರೆ ಒಂದು ಪಿಎಸ್‌ಎ ರಕ್ತಪರೀಕ್ಷೆ (ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಬರುವ ಒಂದು ಪ್ರೋಟೀನ್ ಅಳೆಯುವುದು) ಮಾಡಿಸಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ನೀವೂ ಆ ಪಿಎಸ್‌ಎ ಪರೀಕ್ಷೆಯನ್ನು ಈಗ ಮಾಡಿಸಿಕೊಳ್ಳಿ. ಮನೆಯಲ್ಲಿ ಕಾಯಿಲೆ ಇರುವವರು 45ಕ್ಕೆ ಶುರು ಮಾಡಬೇಕು, ಬಿಆರ್‌ಸಿಎ2 ದೋಷ ಇರುವುದು ಗೊತ್ತಾದವರು 40ಕ್ಕೆ. ಇದಕ್ಕೆ ಜೀನ್ ವರದಿ ಬೇಕಿಲ್ಲ. ಉರಿಮೂತ್ರ, ಸೋಂಕು ಇದ್ದಾಗ ಮಾಡಿಸಬೇಡಿ, ಸುಮ್ನೆ ಅಂಕಿ ಏರಿರುತ್ತದೆ. ಹಿಂದಿನ ಎರಡು ದಿನ ಹೆಂಡತಿಯ ಜೊತೆ ಸೇರುವುದೂ ಬೇಡ. ಇನ್ನೊಂದು ಮಾತು. ವಯಸ್ಸಾದವರಿಗೆ ಮೂತ್ರ ಸಲೀಸಾಗಿ ಹೋಗಲಿ ಅಂತ ಕೊಡುವ ಕೆಲವು ಮಾತ್ರೆಗಳಲ್ಲಿ ಡ್ಯುಟಾಸ್ಟರೈಡ್ ಅಥವಾ ಫಿನಾಸ್ಟರೈಡ್ ಇರುತ್ತದೆ. ತಿಂಗಳುಗಟ್ಟಲೆ ನುಂಗಿದರೆ ಅವು ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಆಗ ವರದಿಯಲ್ಲಿ 3 ಅಂತ ಬಂದರೆ ಅದನ್ನು 6 ಅಂತ ಓದಬೇಕು. ಮಾತ್ರೆಯ ಚೀಟಿ ತೋರಿಸದಿದ್ದರೆ ಡಾಕ್ಟರಿಗೆ ಇದು ಗೊತ್ತಾಗುವುದೇ ಇಲ್ಲ. ನಿಮ್ಮ ಚಿಕ್ಕಪ್ಪಂದಿರು ಯಾರಾದರೂ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಿ.

ನಿಮ್ಮ ಪಿಎಸ್‌ಎ 3 ದಾಟಿದ್ದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಮತ್ತೆ ಜಾಸ್ತಿ ಇದ್ದರೆ ಎಂಆರ್‌ಐ, ಅದರಲ್ಲಿ ಅನುಮಾನ ಬಂದರೆ ಬಯಾಪ್ಸಿ. ಪಿಎಸ್‌ಎ ಏರಿದವರಲ್ಲಿ ಎಷ್ಟೋ ಜನರಿಗೆ ಕ್ಯಾನ್ಸರ್ ಇರುವುದಿಲ್ಲ, ವಯಸ್ಸಿಗೆ ಗ್ರಂಥಿ ದಪ್ಪವಾಗಿರುತ್ತದೆ ಅಷ್ಟೇ.

ಕೆಲವು ಮನೆಗಳಲ್ಲಿ ಹೆಣ್ಣುಮಕ್ಕಳ ಮದುವೆಗೆ ತೊಡಕಾಗುತ್ತದೆ ಅಂತ ಇದನ್ನೆಲ್ಲ ಮುಚ್ಚಿಡುತ್ತಾರೆ. ನಿಮ್ಮ ಅತ್ತೆಯ ಕಾಯಿಲೆಯ ಬಗ್ಗೆಯೂ ಊರಲ್ಲಿ ಯಾರೂ ಜೋರಾಗಿ ಮಾತಾಡಿರಲಿಕ್ಕಿಲ್ಲ. ಆ ಭಯ ನನಗೆ ಅರ್ಥವಾಗುತ್ತದೆ. ಜೀನ್ ವರದಿ ಊರಿಗೆ ಹೇಳಬೇಕಾದ ಸಂಗತಿಯಲ್ಲ. ಆದರೆ ರಕ್ತಸಂಬಂಧಿಗಳಿಗೆ ಹೇಳಲೇಬೇಕು. ದೊಡ್ಡಪ್ಪನ ಮಕ್ಕಳಿಗೆ, ಹೆಂಡತಿಯ ಅಕ್ಕತಂಗಿ ಅಣ್ಣತಮ್ಮಂದಿರಿಗೆ ತಿಳಿಯದೆ ಹೋದರೆ ಅವರು ತಡವಾಗಿ ಆಸ್ಪತ್ರೆಗೆ ಬರುತ್ತಾರೆ, ನಿಮ್ಮ ಅಪ್ಪ ಬಂದ ಹಾಗೆ.

ಅಪ್ಪನ ಮುಂದಿನ ಇಂಜೆಕ್ಷನ್ ದಿನವೇ ಈ ಮಾತೆತ್ತಿ. ‘ಹರಡಿದ ಕಾಯಿಲೆ, ತಂಗಿಗೆ 48ರೊಳಗೆ ಸ್ತನ ಕ್ಯಾನ್ಸರ್, ಬಿಆರ್‌ಸಿಎ ಪರೀಕ್ಷೆ ಮಾಡಿಸಬೇಕು’ ಅಂತ ಈ ಮಾತಿನಲ್ಲೇ ಹೇಳಿ, ಡಾಕ್ಟರಿಗೆ ಕೂಡಲೇ ಅರ್ಥವಾಗುತ್ತದೆ. ಅಪ್ಪನ ಬಯಾಪ್ಸಿ ವರದಿ, ದೊಡ್ಡಪ್ಪನ ಹಳೆಯ ಚೀಟಿ, ಅತ್ತೆಯ ಆಸ್ಪತ್ರೆ ಕಾಗದ ಇದ್ದಷ್ಟು ಒಟ್ಟು ಮಾಡಿ. ಒಂದು ಹಾಳೆಯಲ್ಲಿ ಅಜ್ಜ ಅಜ್ಜಿಯಿಂದ ಹಿಡಿದು ಎಲ್ಲರ ಹೆಸರು, ಯಾವ ಕಾಯಿಲೆ, ಯಾವ ವಯಸ್ಸಿಗೆ ಅಂತ ಬರೆಯಿರಿ. ಹೆಂಗಸರನ್ನೂ ಬಿಡದೆ ಬರೆಯಿರಿ, ನಿಮ್ಮ ಅಮ್ಮನ ಕಡೆಯವರನ್ನೂ ಸೇರಿಸಿ. ಆ ದಿನ ಹೆಂಡತಿಯನ್ನೂ ಜೊತೆಯಲ್ಲಿ ಕರೆದುಕೊಂಡು ಹೋಗಿ, ಅದೇ ಆಸ್ಪತ್ರೆಯಲ್ಲಿ ಅವರ ಮ್ಯಾಮೋಗ್ರಾಂ ಕೂಡ ಆಗಿಬಿಡಲಿ.